ಶೈಲಾಳ ಅಪ್ಪನಿಗೆ ಹೇಳಿದ ಸುಳ್ಳು

ನಿನ್ನ ಅಪ್ಪನಿಗೆ ಸುಳ್ಳು ಹೇಳಿದವಳು ನಾನು, ಶೈಲಾ. ನಿನ್ನ ಸ್ಥಿತಿ ಗೊತ್ತಿದ್ದೂ ಹೇಳಿದೆ.

ಗೋಕಾಕದಲ್ಲಿ ನಮ್ಮದು ಪಿಯುಸಿ ಎರಡನೇ ವರ್ಷ. ಒಂದೇ ಬಾಡಿಗೆ ಕೋಣೆ — ನೀನು ತುಕ್ಕಾನಟ್ಟಿಯವಳು, ನಾನು ಹುಕ್ಕೇರಿಯವಳು. ದೀಪಾವಳಿ ಮುಗಿದ ಮೇಲೆ ನೀನು ಬದಲಾದೆ. ಪುಸ್ತಕ ತೆರೆದು ಒಂದೇ ಪುಟ ನೋಡುತ್ತ ಕೂರುತ್ತಿದ್ದೆ. ಡಬ್ಬಿಯ ರೊಟ್ಟಿ ಹಾಗೇ ಉಳಿಯುತ್ತಿತ್ತು. ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಬಳಿ, ನಲ್ಲಿ ಸುರಿಯುತ್ತಿದ್ದರೂ ನಿಲ್ಲಿಸದೆ, ನೀನು ನನ್ನನ್ನು ಕೇಳಿದೆ — "ಓದಿದ್ದು ತಲಿಯೊಳಗ ನಿಲ್ಲವಲ್ದು. ಎದಿ ಹೊಡ್ಕೊಳ್ಳಾಕತ್ತೈತಿ. ಮನಿಗೆ ಹೇಳ್ಲೇನು?"

ಬೇಡ ಎಂದೆ. ಹೇಳಿದರೆ ಕಾಲೇಜು ಬಿಡಿಸಿ ಮದುವೆ ಮಾಡುತ್ತಾರೆಂದು ಹೆದರಿಸಿದೆ. ಎಲ್ಲರಿಗೂ ಹೀಗೇ ಆಗುತ್ತದೆ, ನಿದ್ದೆ ಕಡಿಮೆ ಮಾಡಿ ಇನ್ನಷ್ಟು ಓದು ಎಂದೆ.

ಆ ವಾರವೇ ನಿನ್ನ ಅಪ್ಪ ನನಗೆ ಫೋನ್ ಮಾಡಿದರು. ನಿನ್ನ ದನಿ ಕೇಳಿ ಅವರಿಗೆ ಅನುಮಾನ ಬಂದಿತ್ತು.

"ಖರೆ ಹೇಳವ್ವಾ, ಆಕಿ ಆರಾಮ ಅದಾಳೇನು? ಇಲ್ಲಂದ್ರ ನಾಳೆ ಬಂದು ಕರ್ಕೊಂಡು ಹೋಗ್ತೇನಿ."

"ಆರಾಮ ಅದಾಳ್ರಿ ಕಾಕಾ. ನೀವು ಬಂದ್ರ ಓದು ಕೆಡತೈತಿ."

ನೀನು ಹೋದರೆ ನನಗೆ ಲೆಕ್ಕ ಹೇಳಿಕೊಡುವವರು ಯಾರು — ಮೊದಲು ಬಂದ ಯೋಚನೆ ಅದು. ಅದರ ಕೆಳಗೆ ಇನ್ನೊಂದಿತ್ತು. ಕಾಲೇಜಿನ ಪರೀಕ್ಷೆಯಲ್ಲಿ ಮೊದಲ ಸಲ ನನಗೆ ನಿನಗಿಂತ ಹೆಚ್ಚು ಅಂಕ ಬಂದಿದ್ದವು. ನೀನು ಕುಸಿದಷ್ಟೂ ನನಗೆ ಓದುವ ಹುರುಪು ಬರುತ್ತಿತ್ತು — ಇರಲಿ, ಬರೆದಾಯಿತು.

ಭೌತಶಾಸ್ತ್ರದ ಪರೀಕ್ಷೆಯ ದಿನ ನೀನು ಅರ್ಧಕ್ಕೇ ಎದ್ದು ಹೊರಗೆ ಹೋದೆ. ನಾನು ನೋಡಿದೆ, ತಲೆ ತಗ್ಗಿಸಿ ಬರೆಯುತ್ತಲೇ ಇದ್ದೆ. ಸಂಜೆ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಸಿಕ್ಕಾಗ ನಿನಗೆ ನನ್ನ ಗುರುತೇ ಹತ್ತಲಿಲ್ಲ.

ಘಟಪ್ರಭಾದ ಆಸ್ಪತ್ರೆಯಲ್ಲಿ ಡಾಕ್ಟರು, ಮೊದಲೇ ಕರೆತಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು. ನಿನ್ನ ಅಪ್ಪ ನನ್ನತ್ತ ತಿರುಗಿದರು. ಈಗ ಕೇಳುತ್ತಾರೆ ಎಂದುಕೊಂಡೆ. ಅವರು ನನ್ನ ತಲೆ ಸವರಿದರು. "ನಿನಗರ ಹೆಂಗ ಗೊತ್ತಾಗ್ಬೇಕವ್ವಾ, ನೀನೂ ಸಣ್ಣಾಕಿ."

ಆಗಲೂ ಬಾಯಿ ಬಿಡಲಿಲ್ಲ.

ನೀನು ಮತ್ತೆ ಕಾಲೇಜಿಗೆ ಬರಲಿಲ್ಲ. ಇವತ್ತಿಗೂ ಗುಳಿಗೆ ನುಂಗುತ್ತೀಯಂತೆ, ನಾಲ್ಕು ಮಂದಿ ಸೇರಿದಲ್ಲಿ ಕೂರಲಾರೆಯಂತೆ — ಮೂಡಲಗಿಯ ಗೆಳತಿಯೊಬ್ಬಳು ಹೇಳಿದಳು. ನಾನು ಹುಕ್ಕೇರಿಯಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಪರೀಕ್ಷೆ ಹತ್ತಿರವಾದಾಗ ಮಕ್ಕಳಿಗೆ ಧೈರ್ಯ ಹೇಳಲು ಕಾಲೇಜಿನವರು ನನ್ನನ್ನೇ ನಿಲ್ಲಿಸುತ್ತಾರೆ. ಕಳೆದ ವಾರ ನನ್ನ ಮಾತು ಮುಗಿದ ಮೇಲೆ ಮಮದಾಪುರದ ಹುಡುಗಿಯೊಬ್ಬಳು ಹೋಗದೆ ಅಳುತ್ತ ನಿಂತಳು. ಅವಳ ತಾಯಿಯನ್ನು ಕರೆಸಿದೆ. ಮಗಳನ್ನು ಕರೆದೊಯ್ಯುವಾಗ ಆ ತಾಯಿ ನನಗೆ ಕೈ ಮುಗಿದರು. ಆ ನಮಸ್ಕಾರವನ್ನು ತೆಗೆದುಕೊಳ್ಳಲು ನನ್ನಿಂದಾಗಲಿಲ್ಲ.

ಭಾನುವಾರ ತುಕ್ಕಾನಟ್ಟಿಗೆ ಬರುತ್ತೇನೆ. ನಿನ್ನ ಅಪ್ಪನೆದುರು ನಿಂತು, ಅವರ ಅನುಮಾನ ನಿಜವಾಗಿತ್ತು, ಬರುತ್ತಿದ್ದವರನ್ನು ನಾನೇ ತಡೆದೆ ಎಂದು ಹೇಳುತ್ತೇನೆ. ನೀನು ಒಳಗಿನಿಂದ ಹೊರಗೆ ಬರದಿದ್ದರೆ — ಕರೆಯುವುದಿಲ್ಲ.