ಗೊಂಬೆಗೆ ಉಸಿರು ತುಂಬಿದವರು

ಬಾದಾಮಿಯ ದವಾಖಾನೆಯೊಂದರ ಹೆರಿಗೆ ವಾರ್ಡಿಗೆ ನಾನು ಹೊಸ ನರ್ಸಾಗಿ ಸೇರಿದಾಗ ಅಲ್ಲೊಬ್ಬ ಹಿರಿಯ ಸಿಸ್ಟರ್ ಇದ್ದರು. ನಾವೆಲ್ಲ ಅವರನ್ನು ಅಕ್ಕಾರ ಅನ್ನುತ್ತಿದ್ದೆವು. ನಿವೃತ್ತಿ ಹತ್ತಿರವಿದ್ದರೂ ತರಬೇತಿ ಎಂದರೆ ಮೊದಲು ಹೊರಡುವವರು ಅವರೇ.

ಒಮ್ಮೆ ಬಾಗಲಕೋಟೆಯ ತರಬೇತಿಯಲ್ಲಿ ನಮ್ಮಿಬ್ಬರಿಗೂ, ಅಳದೆ ಹುಟ್ಟಿದ ಕೂಸಿಗೆ ಮಾಸ್ಕ್ ಇಟ್ಟು, ರಬ್ಬರ್ ಚೀಲ ಒತ್ತಿ ಉಸಿರು ಕೊಡುವುದನ್ನು ಗೊಂಬೆಯ ಮೇಲೆ ಕಲಿಸಿದರು. ವಾಪಸ್ ಬರುವಾಗ ಬಸ್ಸು ಕೆರೂರ ದಾಟಿತ್ತು, ಸಂಜೆಯ ಬಿಸಿಲು ಗುಡ್ಡಗಳ ಮೇಲೆ ಕರಗುತ್ತಿತ್ತು. ಬಸ್ಸೆಲ್ಲ ತೂಕಡಿಸುತ್ತಿದ್ದರೆ ಅಕ್ಕಾರ ಬೆರಳುಗಳು ಗಾಳಿಯಲ್ಲಿ ಮೆಲ್ಲಗೆ ಮಡಚಿ ಬಿಚ್ಚಿಕೊಳ್ಳುತ್ತಿದ್ದವು. “ಒತ್ತು, ಬಿಡು, ಬಿಡು,” ಎಂದು ಗುನುಗುತ್ತಿದ್ದರು.

“ಇನ್ನೂ ಯಾಕ್ರಿ ಅಕ್ಕಾರ?” ಅಂದೆ.

“ಕೈಗೆ ರೂಢಿ ಆಗಿಲ್ಲ ತಂಗಿ.”

ಮುಂದೊಂದು ಮಧ್ಯಾಹ್ನ ಗುಳೇದಗುಡ್ಡದ ನೇಕಾರರ ಮನೆಯ ಹುಡುಗಿಗೆ ಹೆರಿಗೆಯಾಯಿತು. ಕೂಸು ನೀಲಿಗಟ್ಟಿತ್ತು, ಅಳಲಿಲ್ಲ.

“ಕಾಲ ಹಿಡದು ಬೆನ್ನಿಗೆ ಬಡೀರಿ,” ಎಂದಳು ಹುಡುಗಿಯ ಅವ್ವ.

ಹಿಂದೆಲ್ಲ ಅಕ್ಕಾರೂ ಹಾಗೇ ಮಾಡುತ್ತಿದ್ದರಂತೆ. ಈಗ ಕೂಸನ್ನು ಒರೆಸಿ, ಬೆನ್ನು ತಿಕ್ಕಿ, ಮಾಸ್ಕ್ ಇಟ್ಟರು. ಒತ್ತು, ಬಿಡು, ಬಿಡು. ಕಿಟಕಿಯ ಪರದೆಯೂ ಅದೇ ಲಯದಲ್ಲಿ ಅಲುಗಿದಂತೆ ನನಗನಿಸಿತು. ಪುಟ್ಟ ಎದೆ ಏರಿತು, ಇಳಿಯಿತು. ಆಮೇಲೆ ಕೂಸು ಜೋರಾಗಿ ಅತ್ತಿತು.

ಸಮಾಧಾನ ಮಾಡಲು ನಾನು ಕೈ ಚಾಚಿದೆ. ಅಕ್ಕಾರು ಕಣ್ಣು ಮುಚ್ಚಿ ನಿಂತಿದ್ದರು.

“ತಡಿ, ಸ್ವಲ್ಪ ಅಳಲಿ,” ಅಂದರು. “ಕೇಳೂಣು.”