ಮೂರನೆಯ ಕೂಗು

ಇದು ನಡೆದದ್ದು. ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ. ನನ್ನ ಸಹಿ ಇರುವ ಒಂದು ಕಾಗದ ರಾಯಚೂರಿನ ನಮ್ಮ ಕಚೇರಿಯ ಕಪಾಟಿನಲ್ಲಿ ಈಗಲೂ ಇದೆ. ಆದರೆ ಆ ಕಾಗದಕ್ಕೂ ನನ್ನ ನೆನಪಿಗೂ ಒಂದು ಅಂಕಿಯ ವ್ಯತ್ಯಾಸ. ಕಾಗದದಲ್ಲಿ ಮೂರು. ನನ್ನ ನೆನಪಿನಲ್ಲಿ ಎರಡು.

ನಾಲ್ಕೈದು ಜನರಿಗೆ ಇದನ್ನು ಹೇಳಿದ್ದೇನೆ. ಪ್ರತಿ ಸಲ ಏನಾದರೊಂದು ಬದಲಾಗುತ್ತದೆ. ಒಮ್ಮೆ ಕೈಯಲ್ಲಿ ಟಾರ್ಚ್ ಇತ್ತು ಎಂದೆ, ಇನ್ನೊಮ್ಮೆ ಮೊಬೈಲ್ ಎಂದೆ. ಯಾವುದನ್ನೂ ಆಣೆ ಮಾಡಿ ಹೇಳಲಾರೆ... ಎರಡು ಎಂಬ ಆ ಅಂಕಿಯನ್ನು ಬಿಟ್ಟು.

ನಾನು ಮಾನ್ವಿಯವಳು. ನೌಕರಿ ರಾಯಚೂರಿನಲ್ಲಿ. ಬೀಳುವಂತಿರುವ ಕಟ್ಟಡಗಳನ್ನು ನೋಡಿ, ನೋಟಿಸ್ ಅಂಟಿಸಿ, ಕೆಡವಿಸುವ ಎಂಜಿನಿಯರ್. ಅಂಟಿನ ಡಬ್ಬಿ ಹಿಡಿದು ನನ್ನೊಂದಿಗೆ ಬರುವವರು ಜವಾನ ಖಾಜಾಸಾಬ್. ನಿವೃತ್ತಿಗೆ ಹತ್ತಿರವಾದವರು, ಬಾಯಿ ಮಾತ್ರ ಇನ್ನೂ ಹರೆಯದ್ದು.

ಹಳೇ ಓಣಿಯೊಂದರಲ್ಲಿ ದಲಾಲರ ಮನೆ ಎಂದು ಕರೆಯುವ ಎರಡಂತಸ್ತಿನ ಮನೆ ಇತ್ತು. ಹತ್ತಿ ದಲಾಲರು ಯಾರೋ ಕಟ್ಟಿಸಿದ್ದು. ವರ್ಷಗಳಿಂದ ಬೀಗ. ವಾರಸುದಾರ ದೇವದುರ್ಗದಲ್ಲಿ. ಫೋನ್ ಮಾಡಿದರೆ, "ಅಲ್ಲಿ ಯಾರದಾರ್ರಿ ಮೇಡಂ, ಪಾರಿವಾಳ ಅದಾವ. ಬೀಳಸ್ರಿ," ಎಂದ.

ಮೊದಲ ಮಳೆಗೇ ಅದರ ಮುಂದಿನ ಗೋಡೆ ಹೊಟ್ಟೆ ಬಿಟ್ಟುಕೊಂಡು ರಸ್ತೆಗೆ ಬಾಗಿತ್ತು. ಅದರ ಬುಡದಲ್ಲೇ ದಿನಾ ಬೆಳಿಗ್ಗೆ ಶಾಲೆಯ ಮಕ್ಕಳು ಸಾಲಾಗಿ ಹೋಗುತ್ತಿದ್ದರು. ಆ ಉಬ್ಬನ್ನು ಕೈಯಿಂದ ಸವರಿಕೊಂಡು ಹೋಗುವುದು ಅವರ ಆಟ. ಅದನ್ನು ನೋಡಿದ ಮೇಲೆ ನನಗೆ ನಿದ್ದೆ ಇರಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ, ಶಾಲೆಗೆ ಮೊದಲೇ, ಕೆಡವುವುದೆಂದು ಆದೇಶ ಮಾಡಿಸಿದೆ.

ಉಳಿದದ್ದು ಪಂಚನಾಮೆ. ಅದರ ಒಕ್ಕಣೆ ನಮ್ಮಲ್ಲಿ ಮೊದಲೇ ಅಚ್ಚಾಗಿರುತ್ತದೆ: "ಬಾಗಿಲ ಮುಂದೆ ನಿಂತು ಮೂರು ಸಲ ಕೂಗಲಾಗಿ, ಒಳಗಿನಿಂದ ಯಾರೂ ಓಗೊಡದ ಕಾರಣ, ಕಟ್ಟಡ ನಿರ್ಜನವಾಗಿದೆ..." ತಾರೀಖು, ಸಹಿಗಳಷ್ಟೇ ಖಾಲಿ. ಇಬ್ಬರು ಪಂಚರು ಬೇಕು. ಮೂಲೆಯ ಇಸ್ತ್ರಿ ಅಂಗಡಿಯವ ಸಂಜೆಯೇ ಸಹಿ ಹಾಕಿ ಅಂಗಡಿ ಮುಚ್ಚಿದ್ದ. ಕೂಗುವ ಮೊದಲೇ ಹಾಕಿದ ಸಹಿ. ನಮ್ಮಲ್ಲಿ ಹೀಗೇ ನಡೆಯುತ್ತದೆ.

ನಾವು ಅಲ್ಲಿಗೆ ಹೋದಾಗ ಕತ್ತಲಾಗಿತ್ತು. ಕರೆಂಟು ಹೋಗಿತ್ತು. ಏಳೂವರೆ... ಎಂಟೂ ಇರಬಹುದು. ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ದಲಾಲರ ಮನೆಯ ಬಾಗಿಲ ಸಂದಿಯಿಂದ ಮಾತ್ರ ನೆನೆದ ಹತ್ತಿಯ ಮುಗ್ಗಲು ವಾಸನೆ.

"ಯಾರದೀರಿ ಒಳಗ?" ಎಂದು ಕೂಗಿದೆ.

ಪಾರಿವಾಳಗಳು ರೆಕ್ಕೆ ಬಡಿದು ಸುಮ್ಮನಾದವು.

"ಯಾರರ ಅದೀರೇನು?"

ಆಗ ಫೋನ್ ಬಂತು. ಕೆಡವುವ ಯಂತ್ರ ಎಷ್ಟು ಗಂಟೆಗೆ ಬರಬೇಕು, ಯಾವ ಕಡೆಯಿಂದ ಬರಬೇಕು ಎಂದು ಕಚೇರಿಯಿಂದ. ಮಾತಾಡುತ್ತಲೇ ಖಾಜಾಸಾಬರ ಬೆನ್ನ ಮೇಲೆ ಕಾಗದ ಇಟ್ಟು ಸಹಿ ಮಾಡಿದೆ.

ಇನ್ನೊಬ್ಬ ಪಂಚರಾಗಿ ಎದುರು ಮನೆಯ ಶರಣಮ್ಮನ ಹೆಬ್ಬೆಟ್ಟು ಬೇಕಿತ್ತು. ಅವಳ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಬುಡ್ಡಿ ಉರಿಯುತ್ತಿತ್ತು. ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಬಳೆಯ ಸದ್ದು ಕೇಳಿಸಿತು, ಮಾತಿಲ್ಲ. ಮೂರನೆಯ ಸಲ, "ಓ, ಬಂದೆ," ಎನ್ನುತ್ತ ಮುದುಕಿ ಹೊರಗೆ ಬಂದಳು.

"ಎರಡು ಸಲ ಕರದೆ ಯವ್ವಾ, ಕೇಳ್ಸಲಿಲ್ಲೇನು?"

"ಕೇಳ್ತವ್ವಾ, ಕೇಳದೇನು. ಕತ್ತಲಾದ ಮ್ಯಾಲ ಮೂರನೇದಕ್ಕ ಓ ಅನ್ನೂದು. ಎರಡು ಸಲ ಯಾವ್ದರ ಕರೀತದ. ಮೂರನೇ ಸಲ ಕರದ್ರ ಮನುಷ್ಯಾರು."

"ನಮ್ಮ ಮೇಡಂ ಮನುಷ್ಯಾರು ಅಂತ ಪಾಸಾದ್ರು," ಎಂದು ಖಾಜಾಸಾಬ್ ನಕ್ಕರು. ನಾನೂ ನಕ್ಕೆ. ಮುದುಕಿ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು ಒತ್ತಿದಳು.

ಆ ಗುರುತು ಆರುವ ಮೊದಲೇ ನಾನು ಎದುರಿನ ಬೀಗದ ಬಾಗಿಲ ಕಡೆ ತಿರುಗಿದೆ.

"ಖಾಜಾಸಾಬ್... ನಾನು ಎಷ್ಟು ಸಲ ಕೂಗಿದೆ?"

ಅವರು ಕಾಗದ ನೋಡಿದರು. "ಇಲ್ಲಿ ಮೂರು ಅದ."

"ಅಲ್ಲಿರೋದು ಬಿಡ್ರಿ. ನಾನು?"

ಅವರ ನಗು ಇಳಿಯಿತು. ಗಂಜಿನ ಮಾರುಕಟ್ಟೆಯಲ್ಲಿ ಮೂಟೆ ಹೊರಲು ಮಟಮಾರಿ ಕಡೆಯಿಂದ ಬರುವ ಹಮಾಲರು ಕೊನೆಯ ಬಸ್ಸು ತಪ್ಪಿದರೆ ಇಂಥ ಖಾಲಿ ಮನೆಗಳಲ್ಲೇ ಮಲಗುತ್ತಾರೆ. ಅದು ನಮ್ಮಿಬ್ಬರಿಗೂ ಗೊತ್ತು. ಒಳಗೆ ಒಬ್ಬ ಮಲಗಿದ್ದು, ಎರಡು ಕೂಗು ಕೇಳಿಯೂ ತನ್ನ ಊರಿನ ರೂಢಿಯಂತೆ ಸುಮ್ಮನಿದ್ದರೆ? ಬೆಳಿಗ್ಗೆ ಆರಕ್ಕೆ ಯಂತ್ರ ಬರುತ್ತದೆ.

ಮತ್ತೆ ದಲಾಲರ ಮನೆಯ ಮುಂದೆ ಹೋದೆವು. ಬಾಗಿಲಿಗೆ ಬಾಯಿ ಹತ್ತಿರ ತಂದು ಕೂಗಿದೆ, "ಯಾರದೀರಿ ಒಳಗ?"

"ಓ."

ಗಟ್ಟಿಯಾಗಿ ಅಲ್ಲ. ಕೆಲಸದ ನಡುವೆ ಕತ್ತೆತ್ತಿ ಅನ್ನುತ್ತಾರಲ್ಲ, ಹಾಗೆ. ವಯಸ್ಸಾದ ಗಂಡಸಿನ ದನಿ. ಒಳಮನೆಯಿಂದ.

"ಅದಾರ!" ಎಂದೆ. "ಓ ಅಂದ್ರು, ಕೇಳಿದ್ರಿಲ್ಲ?"

ಖಾಜಾಸಾಬ್ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಿದ್ದರು. "ಕೇಳಿದೆ ಮೇಡಂ. ಆದ್ರ ಓ ಅನ್ನಲಿಲ್ಲ. ಜೀ ಅಂದ್ರು. ನಮ್ಮ ಮನ್ಯಾಗ ಅಂತೀವಲ್ಲ, ಹಂಗ. ಹೆಣ್ಮಗಳು."

"ಓ ಅಂದ್ರು. ಗಂಡಸು."

"ಅಲ್ಲಾ ಕಸಮ್, ಜೀ."

ಕತ್ತಲಲ್ಲಿ ನಿಂತು ನಾವು ಹೀಗೆ ವಾದಿಸಿದೆವು. ಕೊನೆಗೆ, "ಇಬ್ಬರು ಇರಬಹುದು," ಎಂದೆ. ಆ ಮಾತಿನಿಂದ ಯಾರಿಗೂ ಸಮಾಧಾನ ಆಗಲಿಲ್ಲ.

ಪಕ್ಕದ ಸಂದಿಯಲ್ಲಿ ಹಿತ್ತಲ ಗೋಡೆ ಬಿದ್ದು ದಾರಿಯಾಗಿತ್ತು. "ಈಗ ಮುಂದಿನ ಗೋಡಿ ಬಿದ್ರ ನಮ್ಮ ಪಂಚನಾಮಿ ಯಾರು ಬರೀಬೇಕ್ರಿ?" ಎಂದು ಗೊಣಗುತ್ತ ಖಾಜಾಸಾಬ್ ನನಗಿಂತ ಮೊದಲೇ ಒಳಗೆ ಇಳಿದರು.

ಕೋಣೆ ಕೋಣೆ ನೋಡಿದೆವು. ಪಾರಿವಾಳದ ಹಿಕ್ಕೆ. ಒಡೆದ ತಕ್ಕಡಿ. ನೆಲದ ಮೇಲೆ ದಪ್ಪ ಧೂಳು, ಅದರಲ್ಲಿ ನಮ್ಮ ಹೆಜ್ಜೆಗಳು ಮಾತ್ರ. ನಾನು ಎರಡೆರಡು ಸಲ ಬೆಳಕು ಬಿಟ್ಟು ನೋಡಿದೆ. ನಮ್ಮವು ಮಾತ್ರ.

ಒಳಮನೆಯ ಮೂಲೆಯಲ್ಲಿ ಒಂದು ಗೋಣಿ ಹಾಸಿತ್ತು. ನಡುವೆ ತಗ್ಗು, ಯಾರೋ ಈಗಷ್ಟೇ ಎದ್ದು ಹೋದಂತೆ. ಮುಟ್ಟಿದೆ. ಬೆಚ್ಚಗಿತ್ತು. ಆದರೆ ರಾಯಚೂರಿನ ಕಲ್ಲು ರಾತ್ರಿಯಾದರೂ ಬಿಸಿಲಿನ ಕಾವು ಬಿಡುವುದಿಲ್ಲ, ಪಕ್ಕದ ನೆಲವನ್ನೂ ಮುಟ್ಟಿ ನೋಡಬೇಕಿತ್ತು. ಮುಟ್ಟಿದೆನೇ? ಕೆಲವೊಮ್ಮೆ ಅದು ತಣ್ಣಗಿತ್ತು ಎಂದು ನೆನಪಾಗುತ್ತದೆ. ಕೆಲವೊಮ್ಮೆ ಮುಟ್ಟಲೇ ಇಲ್ಲ ಎಂದು...

ಹೊರಗೆ ಬಂದಾಗ ಶರಣಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. "ನನಗೇನೂ ಕೇಳ್ಸಲಿಲ್ಲವ್ವಾ. ನೀವಿಬ್ರೂ ಜಗಳಾಡಿದ್ದು ಕೇಳ್ತು," ಎಂದಳು.

ರಾತ್ರಿಯೆಲ್ಲ ಯೋಚಿಸಿದೆ. ಕೆಲಸ ನಿಲ್ಲಿಸಿದರೆ ಬೆಳಿಗ್ಗೆ ಮಕ್ಕಳು ಆ ಗೋಡೆಯನ್ನು ಸವರಿಕೊಂಡು ಹೋಗುತ್ತಾರೆ. ಮುಂದುವರಿಸಿದರೆ... ಒಳಗೆ ಯಾರೂ ಇಲ್ಲ, ಕಣ್ಣಾರೆ ನೋಡಿದ್ದೇನೆ.

ಬೆಳಿಗ್ಗೆ ಬೆಳಕು ಹರಿದ ಮೇಲೆ ಇಬ್ಬರೂ ಮತ್ತೆ ಒಳಗೆ ಹೋದೆವು. ಪ್ರತಿ ಕೋಣೆಯಲ್ಲೂ ನಿಂತು ಮೂರು ಸಲ ಕೂಗಿದೆ. ಖಾಜಾಸಾಬ್ ಬೆರಳು ಮಡಚಿ ಎಣಿಸಿದರು. ಓ ಇಲ್ಲ. ಜೀ ಇಲ್ಲ.

ಯಂತ್ರದ ಚಾಲಕ ನರಸಿಂಹುಲು, ಗದ್ವಾಲ ಕಡೆಯವನು. ಆ ಓಣಿಗೆ ಅದೇ ಮೊದಲ ಸಲ ಬಂದವನು. ಹಿಂದಿನಿಂದ ಶುರುಮಾಡಿದ. ತೊಲೆ ಮುರಿಯುವ ಸದ್ದು, ಮಣ್ಣಿನ ಮೋಡ. ಒಳಮನೆಗೆ ಬಂದಾಗ ಇದ್ದಕ್ಕಿದ್ದಂತೆ ಎಂಜಿನ್ ಬಂದ್ ಮಾಡಿ ಕಿಟಕಿಯಿಂದ ತಲೆ ಹೊರಹಾಕಿದ.

"ಮೇಡಂ, ಕರದ್ರೇನು?"

"ಇಲ್ಲಲ್ಲ."

"ಮತ್ತ ಯಾರ್ರಿ? ನನ್ನ ಹೆಸರು ಹಿಡದು ಕರದ್ರು. ಮಾ ಅಮ್ಮ ಕರಿಯೋ ಹಂಗ, ತೆಲುಗಿನ್ಯಾಗ. ರೆಂಡು ಸಾರ್ಲು."

ಎರಡು ಸಲ.

ಅವನು ಓ ಎನ್ನಲು ಬಾಯಿ ತೆರೆದಿದ್ದ. ಎದುರು ಕಟ್ಟೆಯಿಂದ ಶರಣಮ್ಮ ಕೈ ಎತ್ತಿದಳು. "ಅನಬ್ಯಾಡಪೋ! ತಡಿ, ಇನ್ನೊಂದು ಬರ್ಲಿ."

ಎಲ್ಲರೂ ನಿಂತೆವು. ಧೂಳು ಇಳಿಯುತ್ತಿತ್ತು. ಎಲ್ಲೋ ಒಂದು ಕಲ್ಲು ಜಾರಿತು. ನಿಂತದ್ದು ಎಷ್ಟು ಹೊತ್ತೆಂದು ಕೇಳಬೇಡಿ. ನನಗೆ ಗಡಿಯಾರ ನೋಡಿಕೊಂಡದ್ದು ನೆನಪಿದೆ, ಓಣಿಯ ತುದಿಯಲ್ಲಿ ಕಾಣಿಸಿಕೊಂಡ ಮೊದಲ ಸಮವಸ್ತ್ರ ನೆನಪಿದೆ. ಮುಂದಿನ ಗೋಡೆ ಈಗ ಹಿಂದೆ ಆಸರೆಯಿಲ್ಲದೆ ಒಂಟಿಯಾಗಿ ನಿಂತಿತ್ತು. ಖಾಜಾಸಾಬ್ ಮಕ್ಕಳನ್ನು ತಡೆಯಲು ಕೈಚಾಚಿ ಓಡಿದರು.

ನಾನು ಕೈ ಎತ್ತಿದೆ. "ಹಾಕ್ರಿ ಗಾಡಿ," ಎಂದೆ.

ಎಂಜಿನ್ ಗುಡುಗಿತು. ಗೋಡೆ ಒಳಮುಖವಾಗಿ, ಅಂದುಕೊಂಡದ್ದಕ್ಕಿಂತ ಮೆತ್ತಗೆ ಬಿತ್ತು. ಯಾವ ಮಗುವಿಗೂ ಒಂದು ಹರಳು ತಾಗಲಿಲ್ಲ.

ಆ ಅವಶೇಷವನ್ನು ಎರಡು ದಿನ ಕೈಯಿಂದ ತೆಗೆಸಿದೆ. ಎಲ್ಲರೂ ನಕ್ಕರು, ಇಷ್ಟು ಜತನ ಯಾಕೆಂದು. ಪಾಯದ ಕಲ್ಲು ಕಾಣುವ ತನಕ ಬಿಡಲಿಲ್ಲ. ಯಾರೂ ಸಿಗಲಿಲ್ಲ. ಗೋಣಿಯೂ ಸಿಗಲಿಲ್ಲ. ಅದನ್ನು ಬರೆಯಲು ಯಾವ ಕಾಗದದಲ್ಲೂ ಖಾನೆ ಇರಲಿಲ್ಲ.

ಖಾಜಾಸಾಬ್ ಈಗ ಎಲ್ಲ ಬಾಗಿಲಲ್ಲೂ ತಾವೇ ಮೂರು ಸಲ ಕೂಗುತ್ತಾರೆ. ಆ ಮನೆಯ ಮಾತು ಮಾತ್ರ ಎತ್ತುವುದಿಲ್ಲ. ಒಮ್ಮೆ ನಾನೇ ಕೇಳಿದ್ದಕ್ಕೆ, "ನೀವು ಮೊದಲಽ ಮೂರು ಸಲ ಕೂಗಿದ್ರಿ ಮೇಡಂ, ಕಾಗದದಾಗ ಅದ," ಎಂದು ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸತೊಡಗಿದರು.

ಆ ಜಾಗ ಈಗ ಖಾಲಿ. ಸುತ್ತ ತಂತಿ ಬೇಲಿ, ಒಳಗೆ ಜಾಲಿ. ಮಕ್ಕಳು ತಂತಿಯನ್ನು ಮೀಟುತ್ತ ಶಾಲೆಗೆ ಹೋಗುತ್ತಾರೆ. ನನಗೆ ಆ ಕಡೆ ಕೆಲಸವಿರುವುದಿಲ್ಲ, ಆದರೂ ಕತ್ತಲಾದ ಮೇಲೆ ಕೆಲವು ದಿನ ಸ್ಕೂಟರ್ ಅಲ್ಲಿಗೇ ತಿರುಗುತ್ತದೆ. ಅಂದು ನಾನು ಕೈ ಎತ್ತಿದ ಮೇಲೆ, ಆ ಗುಡುಗಿನೊಳಗೆ, ಮೂರನೆಯದು ಬಂದಿತ್ತೋ ಏನೋ. ಬಂದಿದ್ದರೆ ಯಾರಿಗೂ ಕೇಳಿಸುತ್ತಿರಲಿಲ್ಲ.

ಬೇಲಿಯ ಮುಂದೆ ಎಂಜಿನ್ ಬಂದ್ ಮಾಡಿ ನಿಲ್ಲುತ್ತೇನೆ.