ಈರಪ್ಪನ ಕೈ ನಡುಕ

ಕೋವಿಡ್ ಗದ್ದಲ ಅಡಗಿದ ಮರುವರ್ಷ ನಾನು ರೋಣ ತಾಲ್ಲೂಕಿನಲ್ಲಿ ಮಾನಸಿಕ ಆರೋಗ್ಯ ವಿಭಾಗದ ನರ್ಸ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ತಿಂಗಳಿಗೊಮ್ಮೆ ನರೇಗಲ್, ಗಜೇಂದ್ರಗಡದ ಸುತ್ತಲಿನ ಹಳ್ಳಿಗಳಿಗೆ ಹೋಗಿ ರೋಗಿಗಳಿಗೆ ಗುಳಿಗೆ ಕೊಡುವುದು, ಹಿಂದಿನ ತಿಂಗಳ ಖಾಲಿ ಸ್ಟ್ರಿಪ್‌ಗಳನ್ನು ಎಣಿಸಿ ವಾಪಸ್ ಪಡೆಯುವುದು ನನ್ನ ಕೆಲಸ. ಸ್ಟ್ರಿಪ್ ಖಾಲಿ ಇದ್ದರೆ ಗುಳಿಗೆ ಹೊಟ್ಟೆಗೆ ಹೋಗಿದೆ ಎಂದು ಅರ್ಥ. ಈ ವಿಷಯದಲ್ಲಿ ನಾನು ಭಾರಿ ಬಿಗಿ. ಜೊತೆಯವರು ನನ್ನನ್ನು 'ಸ್ಟ್ರಿಪ್ ಅಕ್ಕಾರು' ಎಂದು ಆಡಿಕೊಳ್ಳುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಮುಶಿಗೇರಿಯ ಈರಪ್ಪನಿಗೆ ಆಗ ನಲವತ್ತು ದಾಟಿತ್ತು. ಸ್ಕಿಜೋಫ್ರೇನಿಯಾ, ಅಂದರೆ ಎದುರಿಗೆ ಯಾರೂ ಇಲ್ಲದಿದ್ದರೂ ಮಾತು ಕೇಳಿಸುವಂಥ ಕಾಯಿಲೆ. ಮೊದಲು ಅವನು ಮದುವೆ ಮನೆಗಳ ಗೋಡೆ ಬರೆಯುವ ಪೇಂಟರ್. ನಮ್ಮ ಕಡೆ ಮದುವೆ ಗೊತ್ತಾದರೆ ಮನೆಯ ಮುಂದಿನ ಗೋಡೆಗೆ ಸುಣ್ಣ ಹೊಡೆದು, ಬಾಗಿಲಿನ ಎರಡೂ ಬದಿಗೆ ಆನೆ, ಗಿಳಿಯ ಚಿತ್ರ ತೆಗೆಸಿ, ವಧೂವರರ ಹೆಸರು ಬರೆಸುತ್ತಾರೆ. ಕಾಯಿಲೆ ಬಂದ ಮೇಲೆ, ತಲೆ ಕೆಟ್ಟವನ ಕೈಯಲ್ಲಿ ಶುಭಕಾರ್ಯದ ಹೆಸರು ಬೇಡವೆಂದು ಜನ ಕರೆಯುವುದನ್ನೇ ಬಿಟ್ಟರು. ತವರಿಗೆ ಹೋದ ಹೆಂಡತಿ ತಿರುಗಿ ಬರಲಿಲ್ಲ. ಅಣ್ಣನ ಮನೆಯ ಹಿತ್ತಲ ಕೋಣೆಯಲ್ಲಿ ಒಬ್ಬನೇ ಇದ್ದ. ಅತ್ತಿಗೆ ಹೊಸ್ತಿಲಲ್ಲಿ ಊಟದ ತಾಟು ಇಟ್ಟು, ಮಾತಾಡದೆ ಹೋಗುತ್ತಿದ್ದಳು.

ಮೂರು ವರ್ಷದ ಗುಳಿಗೆಯಿಂದ ಆ ಮಾತುಗಳು ನಿಂತಿದ್ದವು. ಆ ವರ್ಷ ಅಣ್ಣನ ಮಗಳ ಮದುವೆ ಗೊತ್ತಾಯಿತು. ಈರಪ್ಪ ಅಣ್ಣನನ್ನು ಕಾಡಿ ಬೇಡಿ, ಗೋಡೆ ತಾನೇ ಬರೆಯುತ್ತೇನೆಂದು ಒಪ್ಪಿಸಿದ. ಅದು ಚೆನ್ನಾಗಿ ಬಂದರೆ ಊರಿನವರು ಮತ್ತೆ ಕರೆದಾರು ಎಂಬ ಆಸೆ. ಮುಂದಿನ ಎರಡು ತಿಂಗಳು ಅವನ ಸ್ಟ್ರಿಪ್‌ಗಳು ಎಂದಿನಂತೆ ಚೊಕ್ಕವಾಗಿ ಖಾಲಿ ಬಂದವು. ಉಳಿದ ರೋಗಿಗಳಿಗೆ, "ಈರಪ್ಪನ್ನ ನೋಡಿ ಕಲೀರಿ" ಎಂದು ಬುದ್ಧಿ ಹೇಳಿದೆ.

ಮದುವೆಗೆ ಇಪ್ಪತ್ತು ದಿನ ಇರುವಾಗ ಈರಪ್ಪನ ಅಣ್ಣ ಫೋನ್ ಮಾಡಿದ. "ಅಕ್ಕಾರ, ಲಗೂ ಬರ್ರಿ. ಮತ್ತ ಒಬ್ಬನ ಮಾತಾಡಾಕ ಹತ್ಯಾನ."

ಹೋದೆ. ಕೋಣೆಯ ಒಳಗೋಡೆ ತುಂಬ ಆನೆಗಳು, ಒಂದಕ್ಕಿಂತ ಒಂದು ಚೆಂದ. ಮಂಚದ ಕೆಳಗಿನ ಬಣ್ಣದ ಡಬ್ಬಿಯಲ್ಲಿ, ಸ್ಟ್ರಿಪ್‌ನಿಂದ ಬಿಡಿಸಿಟ್ಟ ಎರಡು ತಿಂಗಳ ಗುಳಿಗೆಗಳು ಸಿಕ್ಕವು. ಸಿಟ್ಟು ನೆತ್ತಿಗೇರಿತು. "ನನಗ ಮೋಸ ಮಾಡಿದ್ಯಲ್ಲೋ ಈರಪ್ಪಾ!"

ಅವನು ಎರಡೂ ಕೈ ಮುಂದೆ ಚಾಚಿದ. "ಗುಳಗಿ ನುಂಗಿದ್ರ ಇವು ನಡಗ್ತಾವ್ರಿ ಅಕ್ಕಾರ. ಗೆರಿ ನಿಲ್ಲಂಗಿಲ್ಲ. ತಲಿಯಾಗಿನ ಮಂದೀನೂ ಹೋಗ್ತಾರ, ಬಣ್ಣಾನೂ ಹೋಗ್ತೈತಿ. ಆಮ್ಯಾಲೆ ನನ್ನ ಕೂಡ ಯಾರ್ ಇರ್ತಾರ್ರಿ?"

ಅವನ ಕೈ ನಡುಗುವುದನ್ನು ಮೊದಲೇ ಕಂಡಿದ್ದೆ. ಕಪ್ಪಿನ ಚಹಾ ಬಸಿಗೆ ಚೆಲ್ಲುತ್ತಿತ್ತು. ನನಗೆ ಅಂಜುತ್ತಾನೆ ಎಂದುಕೊಂಡು ಬೀಗಿದ್ದೆ! ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಮಾತು ಕೇಳಿಸುತ್ತದೆಯೇ ಎಂದು ಮೂರು ವರ್ಷ ಕೇಳಿದವಳು, ಒಬ್ಬ ಪೇಂಟರ್‌ನನ್ನು ಕೈ ಹೇಗಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ತುಂಬ ನಾಚಿಕೆಯಾಯಿತು.

ಡಾಕ್ಟರಿಗೆ ತಿಳಿಸಿದೆ. ನಡುಕ ಈ ಗುಳಿಗೆಯ ಅಡ್ಡಪರಿಣಾಮ, ಬದಲಿ ಗುಳಿಗೆ ಇದೆ, ಆದರೆ ಅದು ಹಿಡಿಯಲು ಕೆಲವು ವಾರ ಬೇಕು ಎಂದರು. ಅಷ್ಟರಲ್ಲಿ ಮದುವೆ ಬಂತು. ಒಬ್ಬನೇ ಮಾತಾಡುವ ತಮ್ಮನನ್ನು ನೆಂಟರ ಮುಂದೆ ನಿಲ್ಲಿಸಲು ಅಂಜಿ, ಅಣ್ಣ ಗಜೇಂದ್ರಗಡದಿಂದ ಬೇರೆ ಪೇಂಟರ್‌ನನ್ನು ಕರೆಸಿದ. ಮದುವೆಯ ದಿನ ಈರಪ್ಪ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದ. ನಾನು ಕರೆದರೂ ತೆಗೆಯಲಿಲ್ಲ. ಮೊದಲೇ ಕೇಳಿದ್ದರೆ ಆ ಗೋಡೆ ಅವನದಾಗುತ್ತಿತ್ತು.

ಹೊಸ ಗುಳಿಗೆ ಒಗ್ಗಿತು, ಕೈ ನಡುಕವೂ ನಿಂತಿತು. ಮರುವರ್ಷ, ಅವನ ಒಪ್ಪಿಗೆ ಪಡೆದು, ಕೋಣೆಯ ಆನೆಗಳ ಫೋಟೊ ತೋರಿಸಿ ಶಿರೋಳದ ಒಂದು ಮನೆಯವರನ್ನು ಒಪ್ಪಿಸಿದೆ. ಎರಡನೆಯ ದಿನ ನೋಡಲು ಹೋದರೆ ಗೋಡೆ ಮುಗಿದಿತ್ತು. ಆನೆಯ ಸೊಂಡಿಲು ಒಂದೇ ಎಳೆತದಲ್ಲಿ ಬಂದಿತ್ತು. ಮನೆಯವರು ಮೆಚ್ಚಿ ತಲೆದೂಗಿ ಒಳಗೆ ಉಣ್ಣಲು ಹೋದರು. ಈರಪ್ಪನ ತಾಟು ಹೊರಗಿನ ಕಟ್ಟೆಗೆ ಬಂತು. ನಾನೂ ಅಲ್ಲೇ ಕೂತೆ.

"ತಲಿಯಾಗಿನ ಮಂದಿ?" ಎಂದು ಕೇಳಿದೆ.

"ಇಲ್ರಿ. ಭಾಳ ಸುಮ್ನ ಐತಿ." ರೊಟ್ಟಿ ಮುರಿಯುತ್ತ ಗೋಡೆ ನೋಡಿದ. "ಖರೇ ಹೇಳ್ಲೇನ್ರಿ? ಒಮ್ಮೊಮ್ಮೆ ಅವರ ನೆನಪ ಆಗ್ತೈತಿ. ಬ್ರಶ್ ಹಿಡಿದಾಗ ಮಾತ್ರ ಆಗಂಗಿಲ್ಲ."

ಕಾಯಿಲೆ ಮನುಷ್ಯನಿಂದ ಏನು ಕಸಿಯುತ್ತದೆ ಎಂದು ತರಬೇತಿಯಲ್ಲಿ ಕಲಿಸಿದ್ದರು. ನಾವು ಕೊಡುವ ಗುಳಿಗೆ ಏನು ಕಸಿಯುತ್ತಿದೆ ಎಂಬುದನ್ನು ರೋಗಿಯನ್ನೇ ಕೇಳಬೇಕು ಎಂದು ಈರಪ್ಪನಿಂದ ಕಲಿತೆ, ಅದೂ ಮನೆಯ ಮದುವೆಯ ಗೋಡೆ ಅವನ ಕೈ ತಪ್ಪಿದ ಮೇಲೆ. ನಿವೃತ್ತಿಯಾಗುವವರೆಗೆ ಪ್ರತಿಯೊಬ್ಬರಿಗೂ ನನ್ನ ಮೊದಲ ಪ್ರಶ್ನೆ ಒಂದೇ ಆಗಿತ್ತು: "ಈ ತಿಂಗಳ ಏನ್ ಮಾಡಬೇಕಂತ ಮನಸಾಗಿತ್ತು? ಮಾಡಾಕ ಆತೇನು?" ಕೆಲವರು "ಏನಂದ್ರಿ?" ಎಂದು ಮತ್ತೊಮ್ಮೆ ಹೇಳಿಸಿಕೊಳ್ಳುತ್ತಿದ್ದರು. ಆ ಪ್ರಶ್ನೆಯನ್ನು ಅದುವರೆಗೆ ಅವರಿಗೆ ಯಾರೂ ಕೇಳಿರಲಿಲ್ಲ.